ಹನ್ನೊಂದು ನಿಮಿಷದ ಬಿಳಿ

ಗುಬ್ಬಿ ರೀಲು ಒರೆಸುತ್ತಿದ್ದಳು. ಮೇಜಿನ ಆ ತುದಿಯ ಗಾಲಿಯಿಂದ ಬಿಚ್ಚಿಕೊಂಡ ಫಿಲಂ ಈ ತುದಿಯ ಗಾಲಿಗೆ ಸುತ್ತಿಕೊಳ್ಳುತ್ತಿತ್ತು. ನಡುವೆ ಅವಳ ಎಡಗೈ ಬೆರಳುಗಳ ಸಂದಿಯಲ್ಲಿ, ಸ್ಪಿರಿಟ್ಟಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆ. ಬಲಗೈ ಹಿಡಿಕೆ ತಿರುಗಿಸುತ್ತಿತ್ತು. ಜೋರಾಗಿ ತಿರುಗಿಸಿದರೆ ಸ್ಪಿರಿಟ್ ಆರುವ ಮೊದಲೇ ಫಿಲಂ ಸುತ್ತಿಕೊಂಡು ಅಂಟುತ್ತದೆ. ತೀರಾ ನಿಧಾನವಾದರೆ ಬಟ್ಟೆಯಲ್ಲಿ ಕೂತ ಧೂಳೇ ಗೀರು ಎಳೆಯುತ್ತದೆ. ಕೈಗೆ ಆ ಹದ ಗೊತ್ತಿತ್ತು. ಗೋಡೆಗೆ ಬೆನ್ನು ಕೊಟ್ಟು ಸ್ಟೂಲಿನ ಮೇಲೆ ಕುಳಿತಿದ್ದ ಸೋದರಮಾವ ಕಣ್ಣು ಮುಚ್ಚಿಕೊಂಡು ಗಾಲಿಯ ಸದ್ದು ಕೇಳುತ್ತಿದ್ದ.

ರಷ್ಯಾದ ಸಿನಿಮಾದ ಮೂರು ದೊಡ್ಡ ರೀಲು ಮುಗಿದಿತ್ತು. ಉಳಿದದ್ದು ಒಂದು ಚಿಕ್ಕ ಡಬ್ಬಿ, ಗೇಣಗಲದ್ದು. ಅದರೊಳಗಿನ ರೀಲು ಮಾತ್ರ ವಿಚಿತ್ರವಾಗಿ ಕೊಳಕಾಗಿತ್ತು. ನಾಲ್ಕು ಸುತ್ತಿಗೇ ಬಟ್ಟೆ ಬೆಳ್ಳಗಾಯಿತು. ಇನ್ನೊಂದು ತೆಗೆದುಕೊಂಡಳು. ಅದೂ ಬೆಳ್ಳಗಾಯಿತು. ಫಿಲಮ್ಮಿನಲ್ಲಿ ಚಿತ್ರವೇ ಇರಲಿಲ್ಲ. ಗಾಜಿನಂತೆ ಖಾಲಿ ಪಟ್ಟಿ, ಅದರ ಮೇಲೆ ಉದ್ದಕ್ಕೂ ಬಿಳಿಯ ಗೆರೆಗಳು. ಅಡ್ಡ ಗೆರೆ, ಕೊಕ್ಕೆಯಂತೆ ಬಾಗಿದ ಗೆರೆ, ಅಲ್ಲಲ್ಲಿ ಅಂಕಿಗಳು. ಯಾವ ಊರಿನ ಆಪರೇಟರ್ ಹೀಗೆ ಗೀಚಿಟ್ಟನೋ ಎಂದುಕೊಂಡಳು. ಮುಂದೆ ಚಿತ್ರ ಬಂದೀತು ಎಂದು ಸುತ್ತುತ್ತ ಹೋದಳು. ಬರಲಿಲ್ಲ. ಹೋದ ಸಲ ಬಂದಿದ್ದ ಪ್ರಯೋಗದ ಸಿನಿಮಾದಲ್ಲಿ ಇಪ್ಪತ್ತು ನಿಮಿಷ ಒಂದು ನಲ್ಲಿ ಮಾತ್ರ ಸೋರಿತ್ತು. ಇದೂ ಅಂಥದ್ದೇ ಇರಬೇಕು. ಮಾವನನ್ನು ಒಂದು ಮಾತು ಕೇಳೋಣವೆನಿಸಿತು. ಆದರೆ ಗುಬ್ಬಿಗೆ ಮಾತು ಗಂಟಲವರೆಗೆ ಬಂದು ಅಲ್ಲೇ ಕೂತುಬಿಡುವುದು ಹೊಸದಲ್ಲ.

"ಧೂಳಾ?" ಎಂದ ಮಾವ. ಬಟ್ಟೆ ಬದಲಾಯಿಸಿದ ಸದ್ದು ಅವನಿಗೆ ಕೇಳಿಸಿತ್ತು.

"ಹ್ಞೂಂ."

"ಒರೆಸು, ಒರೆಸು. ಯಾವ್ಯಾವ ಊರಿನ ಮಣ್ಣು ಹೊತ್ಕೊಂಡು ಬಂದಿರುತ್ತೋ."

ಹೊರಗಿನಿಂದ ಬಂದ ಯಾವ ರೀಲನ್ನೂ ಒರೆಸದೆ ಮೆಷಿನ್ನಿಗೆ ಹಾಕಬಾರದು ಎನ್ನುವುದು ಆ ಕೋಣೆಯ ಕಾನೂನು. ಮಾಡಿದವನು ಮಾವ. ಮೂವತ್ತೊಂದು ವರ್ಷದಿಂದ ಅವನು ಈ ಫಿಲಂ ಸೊಸೈಟಿಯ ಹಾಲಿಗೆ ಆಪರೇಟರ್. ಅವನ ಮೆಷಿನ್ನಿನಲ್ಲಿ ಒಂದೇ ಒಂದು ಫಿಲಂ ಗೀರಿಸಿಕೊಂಡು ಹೊರಗೆ ಹೋಗಿಲ್ಲ ಎನ್ನುವುದು ಅವನ ಹೆಮ್ಮೆ. ಅವನಿಗೆ ಹೆಂಡತಿ ಮಕ್ಕಳಿಲ್ಲ. ಹಾಲಿನ ಹಿಂದುಗಡೆ ಆಪರೇಟರಿಗೆಂದು ಬಿಟ್ಟುಕೊಟ್ಟ ಎರಡು ಕೋಣೆಗಳಲ್ಲಿ ಅವನು, ಅವನ ಅಕ್ಕ, ಅಕ್ಕನ ಮಗಳು ಗುಬ್ಬಿ, ಮೂವರು ಇದ್ದರು.

ಎರಡು ವರ್ಷದ ಹಿಂದೆ ಮಾವನ ಕಣ್ಣಿಗೆ ಮಂಜು ಇಳಿಯಿತು. ನರ ಒಣಗಿದೆ, ಆಪರೇಷನ್ನಿಗೆ ಬಗ್ಗುವಂಥದ್ದಲ್ಲ ಎಂದರು ಡಾಕ್ಟರು. ಮೊದಲು ಅಂಚುಗಳು ಹೋದವು, ಆಮೇಲೆ ನಡುಮಧ್ಯ. ಈಗ ಅವನಿಗೆ ಕಿಟಕಿ ಎಲ್ಲಿದೆ, ದೀಪ ಉರಿಯುತ್ತಿದೆಯೋ ಇಲ್ಲವೋ, ಅಷ್ಟೇ ಗೊತ್ತಾಗುವುದು. ಬೆರಳುಗಳಿಗೆ ಎಲ್ಲವೂ ನೆನಪಿತ್ತು. ಹಲ್ಲಿನ ಗಾಲಿಗೆ ಫಿಲಂ ಕೂರಿಸುವುದು ಅವನಿಗೆ ಅಂಗಿಯ ಗುಂಡಿ ಹಾಕಿಕೊಂಡಷ್ಟೇ ಸುಲಭ. ಆದರೆ ಪರದೆಯ ಮೇಲೆ ಚಿತ್ರ ಚೊಕ್ಕವಾಗಿದೆಯೋ ಕಲಸಿದೆಯೋ ಬೆರಳು ಹೇಳುವುದಿಲ್ಲ. ಹಾಗಾಗಿ ಗುಬ್ಬಿ ಬಂದಳು. ಕೇಳಿದವರಿಗೆ ಅವಳು ಮಾವನಿಗೆ ಊಟದ ಡಬ್ಬಿ ತರುವ ಹುಡುಗಿ. ಒಳಗೆ ಚಿಲಕ ಹಾಕಿಕೊಂಡ ಮೇಲೆ ಎಲ್ಲ ಕೆಲಸವೂ ಅವಳದೇ. ಒಂಬತ್ತನೇ ತರಗತಿಯಲ್ಲಿ ಪ್ರಶ್ನೆ ಕೇಳಿದಾಗಲೆಲ್ಲ ಬೆಂಚಿನ ಪಕ್ಕ ಕಂಬದಂತೆ ನಿಲ್ಲುತ್ತಿದ್ದವಳು ಒಂದು ದಿನ ಚೀಲ ಹಿಡಿದು ಮನೆಗೆ ಬಂದಳು, ಮತ್ತೆ ಹೋಗಲಿಲ್ಲ. ಈ ಕತ್ತಲೆ ಕೋಣೆಯಲ್ಲಿ ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ.

ಈಗ ಒಂದು ತಿಂಗಳಿಂದ ಸೊಸೈಟಿಯ ಕಾರ್ಯದರ್ಶಿಗಳು ಬಂದಾಗಲೆಲ್ಲ ಒಂದೇ ರಾಗ. "ಆಪರೇಟ್ರೇ, ಈ ಸಲ ಬರ್ತಿರೋದು ದೊಡ್ಡವರು. ಅಣ್ಣ ತಂಗಿ ಇಬ್ಬರೂ ಸಿನಿಮಾ ಮಾಡೋರು, ಊರೂರು ತಿರುಗಿ ತೋರಿಸ್ತಿದಾರೆ. ಏನಾದ್ರೂ ಎಡವಟ್ಟಾದ್ರೆ ಕಮಿಟಿಯವರ ಬಾಯಿ ನಾನು ಮುಚ್ಚಿಸೋಕಾಗಲ್ಲ. ಗುಂಡಿ ಒತ್ತಿದ್ರೆ ಓಡೋ ಪೆಟ್ಟಿಗೆ ತರಿಸೋಣ ಅಂತ ತುದಿಗಾಲಲ್ಲಿ ನಿಂತಿದಾರೆ."

ಪೆಟ್ಟಿಗೆ ಬಂದರೆ ಆಪರೇಟರ್ ಬೇಕಿಲ್ಲ. ಆಪರೇಟರ್ ಇಲ್ಲದಿದ್ದರೆ ಹಿಂದಿನ ಎರಡು ಕೋಣೆಗಳೂ ಇಲ್ಲ. ಇದನ್ನು ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಅಮ್ಮ ಮಾತ್ರ ಆ ವಾರ ಎರಡು ಸಲ ಕಪಾಟಿನ ಸಾಮಾನು ಇಳಿಸಿ, ಒರೆಸಿ, ಮತ್ತೆ ಜೋಡಿಸಿದ್ದಳು.

ರೀಲಿನ ಕೊನೆಯ ಸುತ್ತು ಬಂತು. ಶುರುವಿನಲ್ಲಿ ಈ ಕಡೆಯ ಗಾಲಿಯ ನಡುವಿನ ಸೀಳಿಗೆ ಸಿಕ್ಕಿಸಿದ ತುದಿ ಒಂದು ಮೊಳದಷ್ಟು ಬಟ್ಟೆಗೆ ಸಿಕ್ಕುವುದಿಲ್ಲ. ಅದನ್ನು ಒರೆಸದೆ ಬಿಟ್ಟಿದ್ದು ನೆನಪಾಯಿತು. ಇರಲಿ, ಸಿನಿಮಾದ ಕೊನೆಯ ತುದಿ ತಾನೆ, ಯಾರು ನೋಡುತ್ತಾರೆ ಎಂದುಕೊಂಡು ಮೂರು ಬಟ್ಟೆಗಳನ್ನೂ ಉಂಡೆ ಮಾಡಿ ಕಸದ ಡಬ್ಬಕ್ಕೆ ಹಾಕಿದಳು.

ಮೂರು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಅರವತ್ತರ ಹತ್ತಿರದ ಒಬ್ಬ ಹೆಂಗಸು. ಕೂದಲು ಅರ್ಧ ಬೆಳ್ಳಗೆ, ಕಾಲಿಗೆ ಗಂಡಸರ ಚಪ್ಪಲಿ, ಮಂಡಿಯ ಮೇಲೆ ಒಂದು ಕೈ.

"ಇಲ್ಲಿ ಸ್ವಲ್ಪ ಕೂತ್ಕೋಬಹುದಾ, ಮಗು? ಅಲ್ಲಿ ಕೈ ಕುಲುಕಿ ಕುಲುಕಿ ತೋಳು ಬಿದ್ದುಹೋಯ್ತು."

ನಿರ್ದೇಶಕಿ ಇವರೇ ಎಂದು ಗುಬ್ಬಿಗೆ ಗೊತ್ತಾಯಿತು. ಸ್ಟೂಲಿನಿಂದ ಮಾವ ಎದ್ದು ನಿಂತ. ಕತ್ತು ದನಿ ಬಂದ ಕಡೆಗೆ ಸರಿಯಾಗಿಯೇ ತಿರುಗಿತ್ತು. ಅದನ್ನು ಅವನು ಚೆನ್ನಾಗಿ ಕಲಿತಿದ್ದ.

"ಬನ್ನಿ ಮೇಡಂ, ಕೂತ್ಕೊಳ್ಳಿ. ಗುಬ್ಬೀ, ನೀರು ಕೊಡು."

ಆಕೆ ಒಂದೇ ಉಸಿರಿಗೆ ಲೋಟ ಖಾಲಿ ಮಾಡಿದರು. "ಹನ್ನೊಂದನೇ ಊರು ಇದು. ನಮ್ಮಣ್ಣನಿಗೆ ರಷ್ಯಾದ ಸಿನಿಮಾ ಅಂದ್ರೆ ಊಟ ಬೇಡ, ನಿದ್ದೆ ಬೇಡ. ನನಗೆ ಎರಡೂ ಬೇಕು."

ಅಷ್ಟರಲ್ಲಿ ಆ ಅಣ್ಣನೇ ಬಾಗಿಲಲ್ಲಿ ತಲೆ ಹಾಕಿದರು. ದಪ್ಪ ಕನ್ನಡಕ, ಕೈಯಲ್ಲಿ ಕಾಗದಗಳ ಕಟ್ಟು. ಹುಡುಗನಾಗಿದ್ದಾಗ ರಷ್ಯಾಕ್ಕೆ ಹೋಗಿ ಸಿನಿಮಾ ಕಲಿತವರಂತೆ. ಅವರು ತಂದ ಸಿನಿಮಾದ ಕಾಪಿಯಲ್ಲಿ ಕೆಳಗೆ ಅಕ್ಷರ ಬರುವುದಿಲ್ಲ. ಪರದೆಯ ಪಕ್ಕ ಮೈಕು ಹಿಡಿದು ಕೂತು ಎಲ್ಲ ಪಾತ್ರಗಳ ಮಾತನ್ನೂ ಅವರೊಬ್ಬರೇ ಕನ್ನಡದಲ್ಲಿ ಹೇಳುತ್ತ ಹೋಗುತ್ತಾರೆ.

"ಇಲ್ಲಿದೀಯೇನೇ? ಅಲ್ಲಿ ಎಲ್ಲಾರೂ ನಿನ್ನ ಕೇಳ್ತಿದಾರೆ."

"ಹೋಗೋ ಅಣ್ಣ. ನನ್ನ ಪಾಲಿನ ನಗುನೂ ನೀನೇ ನಕ್ಕುಬಿಡು."

"ನನ್ನ ದವಡೆ ಆಗಲೇ ನೋಯ್ತಿದೆ ಕಣೇ," ಎನ್ನುತ್ತ ಅವರು ಹೋದರು.

ನಿರ್ದೇಶಕಿಯ ಕಣ್ಣು ಗುಬ್ಬಿಯ ಅಂಗಿಯ ತೋಳಿನ ಮೇಲೆ ನಿಂತಿತು. "ನೀನೇ ಹೊಲಿದದ್ದಾ?"

ಗುಬ್ಬಿ ತಲೆಯಾಡಿಸಿದಳು.

"ಕಂಕುಳ ಹತ್ರ ಬಿಗಿ ಆಗಿದೆ. ನಮ್ಮಮ್ಮ ನೋಡಿದ್ರೆ ಅಲ್ಲೇ ಬಿಚ್ಚಿಸಿಬಿಡ್ತಿದ್ದಳು." ಆಕೆ ಕೈ ಚಾಚಿ ಮೇಜಿನ ಮೇಲಿದ್ದ ಚಿಕ್ಕ ಡಬ್ಬಿಯ ಮುಚ್ಚಳವನ್ನು ಸವರಿದರು. "ಇದರಲ್ಲಿರೋದು ಅವಳೇ. ಊರಿನ ಅರ್ಧ ಜನಕ್ಕೆ ಬಟ್ಟೆ ಹೊಲಿದವಳು. ಕೊನೇ ಎರಡು ವರ್ಷ ಎಲ್ಲಾ ಮರೆತುಹೋಯ್ತು. ನನ್ನ ಹೆಸರೂ ಮರೆತಳು. ಆದರೆ ಎದುರಿಗೆ ಏನು ಹಾಸಿದ್ರೂ ಚಾಕ್‌ಪೀಸು ಹಿಡಿದು ಗುರುತು ಹಾಕೋಳು. ನ್ಯೂಸ್‌ಪೇಪರ್, ಚಾದರ, ತಟ್ಟೆ. ಅದಕ್ಕೆ ನಾನು ಖಾಲಿ ಫಿಲಂ ಹಾಸಿಕೊಟ್ಟೆ. ಎರಡು ವರ್ಷ ಕೂತು ತುಂಬಿಸಿದಳು. ಯಾರ್ಯಾರದೋ ಎದೆ, ಸೊಂಟ, ತೋಳಿನ ಉದ್ದ. ಒಂದು ಕಡೆ ಇಪ್ಪತ್ತೆರಡು ಅಂತಿದೆ, ನನ್ನ ಒಂಬತ್ತನೇ ವಯಸ್ಸಿನ ಫ್ರಾಕಿನ ಅಳತೆ. ನನ್ನ ಗುರುತಿಲ್ಲ, ಫ್ರಾಕಿನ ಅಳತೆ ನೆನಪಿದೆ."

ಇಪ್ಪತ್ತೆರಡು. ಗುಬ್ಬಿ ಅದನ್ನು ನೋಡಿದ್ದಳು. ಎರಡನೇ ಬಟ್ಟೆಯಲ್ಲಿ ಹೋಗಿತ್ತು.

"ಇದರ ಇನ್ನೊಂದು ಕಾಪಿ..." ಎಂದ ಮಾವ.

"ಇಲ್ಲ. ಮಾಡಿಸಿದೆ ಒಂದ್ಸಲ, ಸತ್ತ ಹಾಗೆ ಬಂತು, ಬಿಸಾಕಿದೆ. ಇದು ಅವಳ ಕೈಯೇ. ಮೇಲೆ ತೆಳ್ಳಗೆ ಅಂಟು ಹೊಡೆದಿದೀನಿ, ಆದರೂ ಪ್ರತಿ ಊರಲ್ಲೂ ಒಂದಿಷ್ಟು ಉದುರುತ್ತೆ. ಉದುರಲಿ. ಎಷ್ಟು ದಿನ ಬರುತ್ತೋ ಬರಲಿ." ಆಕೆ ಡಬ್ಬಿ ತೆರೆಯಲಿಲ್ಲ. "ಇದನ್ನ ಕೈಚೀಲದಿಂದ ಕೆಳಗೆ ಇಡೋಳೇ ಅಲ್ಲ ನಾನು. ಇವತ್ತು ಬೆಳಿಗ್ಗೆ ಬಸ್ಸು ಇಳಿಯೋ ಹೊತ್ತಿಗೆ ಸಾಕಾಗಿಹೋಗಿತ್ತು. ಎಲ್ಲಾ ಒಟ್ಟಿಗೆ ನಿಮ್ಮ ಕಾರ್ಯದರ್ಶಿಗೆ ಕೊಟ್ಟು ಲಾಡ್ಜಿಗೆ ಹೋಗಿ ಬಿದ್ಕೊಂಡೆ." ಮಂಡಿ ಹಿಡಿದು ಎದ್ದರು. "ಹುಷಾರಾಗಿ ಹಾಕಿ, ಆಪರೇಟರೇ."

ಬಾಗಿಲು ಮುಚ್ಚಿಕೊಂಡಿತು. ಹೊರಗೆ ಕುರ್ಚಿ ಜೋಡಿಸುವ ಸದ್ದು.

"ಬಟ್ಟೆಗೆ ಏನು ಬರ್ತಿತ್ತೇ?" ಮಾವ ಮೆಲ್ಲಗೆ ಕೇಳಿದ.

"ಬಿಳೀ ಪುಡಿ."

"ಧೂಳು ಅಂದೆಯಲ್ಲೇ."

"ಧೂಳು ಅಂತಾನೇ ಅಂದ್ಕೊಂಡೆ, ಮಾವ."

"ಗೆರೆ ಇತ್ತಾ?"

"ಇತ್ತು."

"ಅಂಕಿ?"

ಗುಬ್ಬಿ ಕಸದ ಡಬ್ಬಕ್ಕೆ ಕೈ ಹಾಕಿ ಮೂರು ಬಟ್ಟೆ ಉಂಡೆಗಳನ್ನು ಹೊರತೆಗೆದಳು. ಸ್ಪಿರಿಟ್ ಆರಿ ಅವು ಗಟ್ಟಿಯಾಗಿದ್ದವು. ಬಿಡಿಸಿದರೆ ಬರೀ ಬಿಳಿಯ ಕಲೆ, ಗೆರೆ ಎಲ್ಲಿ, ಅಂಕಿ ಎಲ್ಲಿ? ಒಂದರ ಮೇಲೊಂದು ಮಡಿಸಿ ಮೇಜಿನ ಖಾನೆಯಲ್ಲಿಟ್ಟಳು.

"ಹೋಗಿ ಹೇಳ್ಬಿಡ್ಲಾ?" ಎಂದಳು.

ಮಾವ ಬಾಗಿಲಿಗೆ ಚಿಲಕ ಹಾಕಿ ಬಂದ. ಆಮೇಲೆ, "ಹೇಳಿದ್ರೆ ಅದು ವಾಪಸ್ ಬರುತ್ತಾ? ಒರೆಸುವಾಗ ನೀನು ಇಲ್ಲಿರಲೇ ಇಲ್ಲ. ಊಟದ ಡಬ್ಬಿ ಕೊಟ್ಟು ಮನೆಗೆ ಹೋಗಿದ್ದೆ. ಒರೆಸಿದ್ದು ನಾನು. ಒಂದು ತಪ್ಪು ಆಯ್ತು ಅಂದ್ರೆ ಬೈದು ಬಿಡ್ತಾರೆ. ಕಣ್ಣಿಲ್ಲ ಅಂತ ಗೊತ್ತಾದ್ರೆ ಬಿಡಲ್ಲ. ತಿಳೀತಾ?"

ತಿಳಿಯಿತು. ಗುಬ್ಬಿಗೆ ಸುಮ್ಮನಿರುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ನಾಲ್ಕು ಗಂಟೆಗೆ ನಲವತ್ತು ನಲವತ್ತೈದು ಜನ ಸೇರಿದ್ದರು. ಕಾರ್ಯದರ್ಶಿಗಳು ಸ್ವಾಗತ ಹೇಳಿದರು. ಅಣ್ಣ ಎರಡೂ ಸಿನಿಮಾಗಳ ಬಗ್ಗೆ ಹೇಳಹೊರಟು, ರಷ್ಯಾದ್ದರ ಬಗ್ಗೆ ಹದಿನೈದು ನಿಮಿಷ ಮಾತಾಡಿ, ತಂಗಿಯದರ ಬಗ್ಗೆ, "ಅದನ್ನ ನೋಡೋದೇ ಒಳ್ಳೇದು, ನಾನು ಏನು ಹೇಳಿದ್ರೂ ಮನೆಗೆ ಹೋದ ಮೇಲೆ ಬೈಸ್ಕೋತೀನಿ," ಎಂದರು. ಜನ ನಕ್ಕರು. ದೀಪ ಆರಿತು.

ಗುಬ್ಬಿ ಚಿಕ್ಕ ಡಬ್ಬಿಯ ಫಿಲಂ ಕೂರಿಸಿ ಸ್ವಿಚ್ ಒತ್ತಿದಳು. ಗೋಡೆಯ ಕಿಂಡಿಗೆ ಮುಖ ಒತ್ತಿದಳು.

ಪರದೆ ಬೆಳ್ಳಗಾಯಿತು. ಬೆಳ್ಳಗೇ ಇತ್ತು. ಚಿತ್ರವನ್ನು ಚೊಕ್ಕವಾಗಿ ಕೂರಿಸಲು ಅದರಲ್ಲಿ ಏನಾದರೂ ಇದ್ದರಲ್ಲವೆ? ಒಂದು ನಿಮಿಷ ಕಳೆಯಿತು. ಕುರ್ಚಿಗಳು ಕಿರುಗುಟ್ಟಿದವು. ಯಾರೋ ಕೆಮ್ಮಿದರು, ಅದನ್ನೇ ಕಾಯುತ್ತಿದ್ದವರಂತೆ ಇನ್ನೂ ನಾಲ್ವರು ಕೆಮ್ಮಿದರು.

"ಬರೀ ಲೈಟ್ ಬಿಟ್ಟಿದಾರೇನೋ?" ಕಿಂಡಿಯ ಕೆಳಗಿನ ಸಾಲಿನಲ್ಲಿ ಪಿಸುದನಿ.

"ಸುಮ್ನಿರಯ್ಯಾ, ಇದೇ ಪ್ರಯೋಗ."

"ಹೋದ ಸಲ ನಲ್ಲಿಯಾದ್ರೂ ಇತ್ತು."

ಬೆಳಕು ಅಷ್ಟು ಚೆಲ್ಲಿದ್ದರಿಂದ ಮೊದಲ ಸಾಲಿನಲ್ಲಿ ಕುಳಿತವರ ತಲೆಗಳೆಲ್ಲ ಸ್ಪಷ್ಟ ಕಾಣುತ್ತಿದ್ದವು. ಅಣ್ಣನ ತಲೆ ತಂಗಿಯ ಕಡೆಗೆ ತಿರುಗಿತು. ತಂಗಿಯ ತಲೆ ಅಲುಗಲಿಲ್ಲ. ಅರ್ಧ ಬೆಳ್ಳಗಿನ ಆ ಕೂದಲನ್ನು ಗುಬ್ಬಿ ಹನ್ನೊಂದು ನಿಮಿಷವೂ ನೋಡಿದಳು. ಆಕೆ ಎದ್ದು ಬರಲಿ, ಕೂಗಲಿ, ದೀಪ ಹಾಕಿಸಲಿ ಎಂದು ಕಾದಳು. ಆಕೆ ಬಸ್ಸಿಗೆ ಕಾಯುವವರ ಹಾಗೆ, ಕೈ ತೊಡೆಯ ಮೇಲಿಟ್ಟುಕೊಂಡು ಕುಳಿತೇ ಇದ್ದರು.

ಹಿಂದೆ ಸ್ಟೂಲಿನ ಮೇಲೆ ಮಾವ, "ಏನು ಕಾಣ್ತಿದೆ?" ಎಂದ.

"ಏನೂ ಇಲ್ಲ."

ಕೊನೆಗೆ, ರೀಲು ಮುಗಿಯುವ ಮುನ್ನ, ಒರೆಸದೆ ಬಿಟ್ಟ ಆ ಒಂದು ಮೊಳ ಬಂತು. ಬಿಳಿ ಪುಡಿ ಬೆಳಕನ್ನು ತಡೆದ ಕಡೆ, ಪರದೆಯ ತುಂಬ ಒಂದು ಕಪ್ಪು ಬಾಗು, ತೋಳು ಕೂರಿಸುವ ಜಾಗದ ಬಾಗು, ನಡುಗುತ್ತ ಮೇಲೇರಿತು. ಪಕ್ಕದಲ್ಲಿ ಹದಿನಾಲ್ಕು ಎಂದು ವಾರೆಯಾಗಿ ಬರೆದದ್ದು. ಮೂರು ಸೆಕೆಂಡು. ಆಗ ಮಾತ್ರ ಆಕೆ ಮುಂದಕ್ಕೆ ಬಾಗಿದರು. ಫಿಲಂ ತುದಿ ಮೆಷಿನ್ನಿನಿಂದ ಕಳಚಿ ಪಟಪಟ ಹೊಡೆದುಕೊಂಡಿತು. ದೀಪ ಹತ್ತಿತು.

ಪ್ರತಿ ಸಲವೂ ಏಳುವ ಮೇಷ್ಟ್ರು ಎದ್ದರು. ಸೊಸೈಟಿಯಲ್ಲಿ ಅವರಿಗೆ ಪ್ರಶ್ನೆ ಮೇಷ್ಟ್ರು ಎಂದೇ ಹೆಸರು, ಪ್ರಶ್ನೆ ಕೇಳಿದ್ದು ಮಾತ್ರ ಯಾರಿಗೂ ನೆನಪಿಲ್ಲ.

"ಅದ್ಭುತ, ಮೇಡಂ. ಹನ್ನೊಂದು ನಿಮಿಷ ನಮ್ಮನ್ನ ನಮ್ಮ ಎದುರಿಗೇ ಕೂರಿಸಿಬಿಟ್ರಿ. ಆ ಶೂನ್ಯ ಇದೆಯಲ್ಲ, ಆ ಶೂನ್ಯದ ಕೊನೇಲಿ ಒಂದು ಗೆರೆ... ಮನುಷ್ಯ ಅಂದ್ರೆ ಇಷ್ಟೇ ಅಲ್ವಾ ಅಂತ ಅನ್ನಿಸ್ತು. ಇದಕ್ಕೆ ಎಷ್ಟು ವರ್ಷ ಹಿಡೀತು?"

ನಿರ್ದೇಶಕಿ ಮೈಕು ತೆಗೆದುಕೊಂಡರು. "ಎರಡು ವರ್ಷ," ಎಂದರು.

"ಈ ಖಾಲಿತನ ನಿಮಗೆ ಹೇಗೆ ಹೊಳೀತು?"

"ಇವತ್ತು ನೋಡಿದ ಸಿನಿಮಾ ಬಗ್ಗೆ ನನಗೆ ಏನೂ ಗೊತ್ತಿಲ್ಲ. ನಾನೂ ನಿಮ್ಮ ಹಾಗೇ, ಮೊದಲನೇ ಸಲ ನೋಡಿದ್ದು." ಮೈಕನ್ನು ಅಣ್ಣನ ಕೈಗೆ ಕೊಟ್ಟರು.

ಎಂಥ ವಿನಯ ಎಂದು ಜನ ಚಪ್ಪಾಳೆ ಹೊಡೆದರು. ಕಾರ್ಯದರ್ಶಿಗಳು ಎಲ್ಲರಿಗಿಂತ ಜೋರಾಗಿ ಹೊಡೆದು, ಚಹಾ ಸಿದ್ಧವಾಗಿದೆ ಎಂದು ಸಾರಿದರು.

ಆಕೆ ಚಹಾದ ಕಡೆಗೆ ಹೋಗಲಿಲ್ಲ. ಕೋಣೆಗೇ ಬಂದರು. ಹಿಂದೆ ಅಣ್ಣ, ಅವರ ಹಿಂದೆ ಏನೋ ಸರಿಯಿಲ್ಲವೆಂದು ವಾಸನೆ ಹಿಡಿದು ಬಂದ ಕಾರ್ಯದರ್ಶಿಗಳು. ಆಕೆ ರೀಲನ್ನು ಎತ್ತಿ ದೀಪಕ್ಕೆ ಹಿಡಿದು ಒಂದು ಮಾರು ಬಿಚ್ಚಿ ನೋಡಿದರು. ಮತ್ತೆ ಸುತ್ತಿದರು.

"ಯಾರು ಒರೆಸಿದ್ದು?"

"ನಾನು ಮೇಡಂ," ಎಂದ ಮಾವ. ಎದ್ದು ನಿಂತಿದ್ದ. "ಹೊರಗಿನ ರೀಲು ಒರೆಸಿಯೇ ಹಾಕೋದು ನಮ್ಮ ಪದ್ಧತಿ. ತಪ್ಪಾಯ್ತು."

"ಪತ್ರದಲ್ಲಿ ಬರೆದಿದ್ದೆನಲ್ರೀ!" ಅಣ್ಣನ ದನಿ ಏರಿತು. "ಚಿಕ್ಕ ಡಬ್ಬಿ ಮುಟ್ಟಬೇಡಿ, ಒರೆಸಬೇಡಿ ಅಂತ, ಕೆಳಗೆ ಗೆರೆ ಎಳೆದು ಬರೆದಿದ್ದೆ."

ಎಲ್ಲರೂ ಕಾರ್ಯದರ್ಶಿಗಳ ಕಡೆ ನೋಡಿದರು. ಅವರು ಜೇಬು ಮುಟ್ಟಿಕೊಂಡರು. "ಪತ್ರ... ಬಂದಿತ್ತು. ಫೈಲಲ್ಲಿದೆ. ಲಾಡ್ಜು, ಮೈಕು, ಅದೆಲ್ಲಾ ಓದಿ ವ್ಯವಸ್ಥೆ ಮಾಡಿದ್ನಲ್ಲ. ಎರಡನೇ ಹಾಳೆ..."

ನಿರ್ದೇಶಕಿ ಅವರ ಮಾತನ್ನು ಕೇಳಿಸಿಕೊಂಡಂತಿರಲಿಲ್ಲ. ಮಾವನ ಎದುರಿಗೆ ನಿಂತಿದ್ದರು. "ಪತ್ರ ಹಾಳಾಗಿ ಹೋಗ್ಲಿ. ನೀವು ನೋಡಿದಿರಲ್ಲ? ಮೂವತ್ತು ವರ್ಷ ಫಿಲಂ ಹಿಡಿದವರು. ಅಷ್ಟು ಗೆರೆ ಇತ್ತು, ಅಂಕಿ ಇತ್ತು. ಧೂಳು ಅಂಕಿ ಬರೆಯುತ್ತೇನ್ರೀ? ಕಣ್ಣಾರೆ ನೋಡಿ ಹೇಗೆ ಒರೆಸಿದಿರಿ? ಅದನ್ನ ಹೇಳಿ ಸಾಕು, ನಾನು ಹೋಗ್ತೀನಿ."

ದನಿ ಏರಿಸಲಿಲ್ಲ ಆಕೆ. ಬೈದಿದ್ದರೆ ಮಾವ ತಡೆದುಕೊಳ್ಳುತ್ತಿದ್ದ. ನೋಡಿದೆ ಎಂದರೆ ಅವನಷ್ಟು ಕಟುಕ ಇನ್ನೊಬ್ಬನಿಲ್ಲ. ನೋಡಲಿಲ್ಲ ಎಂದರೆ, ಯಾಕೆ ನೋಡಲಿಲ್ಲ? ಅವನು ಕಿಟಕಿಯ ಕಡೆ ಮುಖ ಮಾಡಿದ. ಆಕೆಯನ್ನು ತಿರಸ್ಕರಿಸಿ ತಿರುಗಿದಂತೆ ಕಂಡಿತು.

"ಅವನು ನೋಡಿಲ್ಲ," ಎಂದಿತು ಒಂದು ದನಿ. ಅದು ತನ್ನದೇ ಎಂದು ಗುಬ್ಬಿಗೆ ಆಮೇಲೆ ಗೊತ್ತಾಯಿತು. "ನೋಡಿದ್ದು ನಾನು. ಒರೆಸಿದ್ದೂ ನಾನೇ. ಇಪ್ಪತ್ತೆರಡೂ ನೋಡಿದೆ. ಮಾವ ಕೇಳಿದ, ಧೂಳು ಅಂದೆ."

"ಗುಬ್ಬೀ," ಎಂದ ಮಾವ.

"ಮಾವನಿಗೆ ಕಾಣಿಸಲ್ಲ."

ಹಾಲಿನಲ್ಲಿ ಲೋಟಗಳ ಸದ್ದು, ಯಾರದೋ ನಗು. ಕಾರ್ಯದರ್ಶಿಗಳು ಮಾವನ ಮುಖದ ಮುಂದೆ ಕೈಯಾಡಿಸಿದರು, ಮೆಲ್ಲಗೆ, ನೊಣ ಓಡಿಸುವವರಂತೆ. ಮಾವನ ರೆಪ್ಪೆ ಅಲುಗಲಿಲ್ಲ.

"ಎಷ್ಟು ದಿನದಿಂದ?"

"ಎರಡು ವರ್ಷ," ಎಂದ ಮಾವ.

"ಎರಡು ವರ್ಷ!" ಕಾರ್ಯದರ್ಶಿಗಳ ಕಾಲಿಗೆ ಈಗ ನೆಲ ಸಿಕ್ಕಿತು. "ಕಣ್ಣು ಕಾಣದವರ ಕೈಯಲ್ಲಿ ಮೆಷಿನ್ನು ಕೊಟ್ಟು ನಾವು ಮುಂದೆ ಕೂತು ಚಪ್ಪಾಳೆ ಹೊಡೀತಿದ್ವಿ. ನೋಡಿದ್ರಾ ಸಾರ್? ಎಂಥ ಪತ್ರ ಬರೆದ್ರೂ ಏನು ಪ್ರಯೋಜನ? ಇವತ್ತಿಗೆ ಆಯ್ತು, ಆಪರೇಟ್ರೇ. ಕಮಿಟಿಗೆ ನಾನು ಇನ್ನೇನು ಹೇಳಲಿ?"

ಅಣ್ಣ, "ಅದು ಹಾಗಲ್ಲ ಕಣ್ರೀ," ಎಂದು ಶುರು ಮಾಡಿದವರು ಕನ್ನಡಕ ತೆಗೆದು ಒರೆಸತೊಡಗಿದರು.

ಗುಬ್ಬಿ ಖಾನೆ ಎಳೆದು ಮೂರು ಬಟ್ಟೆಗಳನ್ನು ತೆಗೆದು ನಿರ್ದೇಶಕಿಯ ಮುಂದೆ ಹಿಡಿದಳು. ಆಕೆ ಒಂದನ್ನು ಬಿಡಿಸಿದರು. ಬೆರಳಿಗೆ ಪುಡಿ ಹತ್ತಿತು. ಆ ಬೆರಳನ್ನು ಹೆಬ್ಬೆರಳಿಗೆ ತಿಕ್ಕಿ ನೋಡಿದರು, ಬಟ್ಟೆಯ ಗುಣ ನೋಡುವವರ ಹಾಗೆ.

"ನನಗೂ ಸಾಕಾಗಿತ್ತು," ಎಂದರು. ಯಾರಿಗೆ ಹೇಳಿದ್ದೋ ತಿಳಿಯಲಿಲ್ಲ. "ಪ್ರತಿ ಊರಲ್ಲೂ ಕುಳಿತು ಅವಳು ಉದುರೋದನ್ನ ನೋಡೋದು. ಆದರೂ ಇನ್ನೊಂದು ಹತ್ತು ಊರು ಬರ್ತಿದ್ದಳು." ಮೂರೂ ಬಟ್ಟೆಗಳನ್ನು ತೆಗೆದುಕೊಂಡು, "ಜನ ಕಾಯ್ತಿದಾರೆ, ಅಣ್ಣ. ನಿನ್ನ ಸಿನಿಮಾ ಶುರು ಮಾಡು."

"ನೀನು?"

"ಅದನ್ನ ಹತ್ತು ಸಲ ನೋಡಿದೀನಿ. ಇಲ್ಲೇ ಕೂತಿರ್ತೀನಿ."

ಮಾವನ ಸ್ಟೂಲಿನ ಮೇಲೆ ಆಕೆ ಕುಳಿತರು. ಮಾವ ಗೋಡೆಗೊರಗಿ ನಿಂತ. ಕಾರ್ಯದರ್ಶಿಗಳು ಬಾಗಿಲಲ್ಲಿ ಕಾವಲು ನಿಂತರು. ಮೊದಲ ರೀಲನ್ನು ಗುಬ್ಬಿ ಹಾಕಿದಳು. ಇಷ್ಟು ಜನರ ಎದುರಿಗೆ ಅವಳು ಎಂದೂ ಹಾಕಿರಲಿಲ್ಲ. ಎರಡು ಸಲ ಫಿಲಂ ಹಲ್ಲಿಗೆ ಕೂರಲಿಲ್ಲ. ಮಾವನ ಬೆರಳುಗಳು ಅವನ ತೊಡೆಯ ಮೇಲೆ ತಾವೇ ಫಿಲಂ ಕೂರಿಸುತ್ತಿದ್ದುದನ್ನು ಅವಳು ಓರೆಗಣ್ಣಲ್ಲಿ ಕಂಡಳು.

ಪರದೆಯ ಮೇಲೆ ಹಿಮ ಬಿತ್ತು. ಒಂದು ಸಣ್ಣ ರೈಲ್ವೇ ನಿಲ್ದಾಣ, ನೆಲ ತೊಳೆಯುವ ಒಬ್ಬ ಹೆಂಗಸು, ಬಂದು ಹೋಗುವ ಸಿಪಾಯಿಗಳು. ಅಣ್ಣ ಮೈಕಿನಲ್ಲಿ ಎಲ್ಲರ ಮಾತನ್ನೂ ಒಂದೇ ದನಿಯಲ್ಲಿ ಹೇಳುತ್ತಿದ್ದರು. ಗಂಡಸು ಗದರಿದರೂ ಅದೇ, ಹೆಂಗಸು ನಕ್ಕರೂ ಅದೇ. 'ಹಿಮ ಒಳಗೆ ಬರ್ತಿದೆ. ಬಾಗಿಲು ಹಾಕಿ.' 'ರೈಲು ಯಾವಾಗ?' 'ಗೊತ್ತಿಲ್ಲ.' ಬೇರೆ ದಿನವಾಗಿದ್ದರೆ ಗುಬ್ಬಿಗೆ ನಗು ಬರುತ್ತಿತ್ತು. ಇಂದು ಆ ದನಿ ಎಷ್ಟೋ ದಿನದಿಂದ ಮಲಗದವನ ದನಿಯಂತೆ ಕೇಳಿಸಿತು.

ಎರಡನೇ ರೀಲಿನ ಅರ್ಧಕ್ಕೆ ನಿರ್ದೇಶಕಿಯ ಕತ್ತು ಗೋಡೆಗೆ ವಾಲಿತು. ಬಾಯಿ ಸ್ವಲ್ಪ ತೆರೆದಿತ್ತು. ಮಡಿಲಲ್ಲಿ ಮೂರು ಬಟ್ಟೆಗಳು, ಅವುಗಳ ಮೇಲೆ ಎರಡೂ ಕೈ. ಮೆಷಿನ್ನಿನ ಟಕಟಕ ಸದ್ದಿಗೆ ಮಕ್ಕಳು ಮಲಗುವುದನ್ನು ಗುಬ್ಬಿ ನೋಡಿದ್ದಳು. ದೊಡ್ಡವರು ಮಲಗಿದ್ದು ಇದೇ ಮೊದಲು.

ರೀಲು ಮುಗಿಯಿತು. ಒಂದೇ ಮೆಷಿನ್ನಿನ ಹಾಲು ಅದು. ರೀಲು ಬದಲಾಯಿಸಲು ದೀಪ ಹಾಕಿ ಮೂರು ನಿಮಿಷ ಬಿಡುವು. ಖಾಲಿ ಗಾಲಿ ಇಳಿಸಿ, ಕೊನೆಯ ರೀಲನ್ನು ಡಬ್ಬಿಯಿಂದ ತೆಗೆದು ಗುಬ್ಬಿ ಎರಡೂ ಕೈಯಲ್ಲಿ ಹಿಡಿದಳು. ಅದು ಬೆಳಗ್ಗೆಗಿಂತ ಭಾರವಾಗಿತ್ತು.

ಮಾವ ಗೋಡೆ ಬಿಟ್ಟು ಬಂದ. ನಾಲ್ಕು ಹೆಜ್ಜೆ, ಎಲ್ಲೂ ತಡವರಿಸದೆ, ಮೆಷಿನ್ನಿನ ಎದುರಿಗೆ ಸರಿಯಾಗಿ ನಿಂತ. ಅದರ ತಗಡಿನ ಮೈ ಇನ್ನೂ ಬಿಸಿಯಿತ್ತು. ಅಂಗೈ ಇಟ್ಟು ತೆಗೆದ. ಅಂಗಿಯ ತೋಳು ಮಡಿಸಿಕೊಂಡ. ಕಾರ್ಯದರ್ಶಿಗಳು ಗಡಿಯಾರ ನೋಡಿಕೊಂಡರು, ಆಮೇಲೆ ನೆಲ ನೋಡಿದರು. ಕೆಳಗೆ ಹಾಲಿನಲ್ಲಿ ಅಣ್ಣ ಮೈಕು ಸರಿಯಾಗಿದೆಯೇ ಎಂದು ಎರಡು ಸಲ ತಟ್ಟಿದರು.

"ಕೊನೇ ರೀಲು ನಾನು ಹಾಕ್ತೀನಿ," ಎಂದ ಮಾವ, ಕೈ ಮುಂದೆ ಚಾಚಿ. "ಕೊಡು ಇಲ್ಲಿ."